ಹಳೇ ಹೆದ್ದಾರಿಗೆ ಕಂಪನಿ ಹಾರ್ನೇ ಸಾಕು

2023ರ ಆಗಸ್ಟ್ 1ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಿಂದ ದ್ವಿಚಕ್ರ ವಾಹನಗಳನ್ನು ಕೆಳಗಿಳಿಸಿದರು. ಆಟೊ, ಟ್ರ್ಯಾಕ್ಟರ್, ಎತ್ತಿನಗಾಡಿಗಳ ಪಟ್ಟಿಗೆ ಬೈಕೂ ಸೇರಿತು. ಎಷ್ಟು ಸಿ.ಸಿ. ಎಂದು ಯಾರೂ ಕೇಳಲಿಲ್ಲ. ಹಾಲಿನ ಕ್ಯಾನ್ ಕಟ್ಟಿಕೊಂಡ ಟಿವಿಎಸ್ ಎಕ್ಸ್‌ಎಲ್‌ಗೂ ಮೂರೂವರೆ ಲಕ್ಷ ಸುರಿದು ತಂದ 650 ಸಿ.ಸಿ. ಕ್ರೂಸರ್‌ಗೂ ಒಂದೇ ನ್ಯಾಯ, ಎರಡಕ್ಕೂ ಒಂದೇ ಸರ್ವಿಸ್ ರಸ್ತೆ.

ಹೀಗಾಗಿ ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೊರಡುವ ಬೈಕುಗಳೆಲ್ಲ ಈಗ ಹಳೇ ಹೆದ್ದಾರಿಯ ಪಾಲು. ಬಿಡದಿಯಲ್ಲಿ ತಟ್ಟೆ ಇಡ್ಲಿ ಮುಗಿಸಿದರೆ ಮುಂದೆ ರಾಮನಗರ, ಅಲ್ಲಿಂದ ಜಾನಪದ ಲೋಕ ದಾಟಿ ಚನ್ನಪಟ್ಟಣ. ಎಕ್ಸ್‌ಪ್ರೆಸ್‌ವೇ ಈ ಊರುಗಳನ್ನು ಬಳಸಿಕೊಂಡು ಹೋಗುತ್ತದೆ. ಹಳೇ ರಸ್ತೆ ಊರಿನ ನಡುಮಧ್ಯದಲ್ಲೇ ಹಾದು ಹೋಗುತ್ತದೆ. ರೇಷ್ಮೆಗೂಡಿನ ಮಾರುಕಟ್ಟೆಗೆ ಚೀಲ ಹೇರಿಕೊಂಡು ಬರುವ ರೈತರು, ಹಿಪ್ಪುನೇರಳೆ ಸೊಪ್ಪಿನ ಹೊರೆಯಲ್ಲಿ ಮುಳುಗಿ ಹಿಂದೆ ಏನಿದೆ ಎಂಬುದೇ ಕಾಣದ ಮೊಪೆಡ್ಡು, ಕನ್ನಡಿ ನೋಡದೆ ತಿರುಗಿಸುವ ಆಟೊ, ನಿಂತ ಬಸ್ಸಿನ ಮುಂದಿನಿಂದ ಓಡಿ ಬರುವ ಮಕ್ಕಳು. 2025ರಲ್ಲಿ ರಾಮನಗರ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದು ಬದಲಾಯಿತು, ನಿಜ. ರಸ್ತೆಯ ಮೇಲಿನ ಜನ ಮಾತ್ರ ಬದಲಾಗಿಲ್ಲ. ಇಲ್ಲಿ ಹಾರ್ನಿಗೆ ನಿಜವಾದ ಕೆಲಸವಿದೆ.

ಕ್ರೂಸರ್ ಕೊಂಡವರ ಗೊಣಗಾಟ ಶುರುವಾಗುವುದೂ ಇಲ್ಲೇ. ಗಾಡಿ ಆನೆಯ ಹಾಗಿದೆ, ಹಾರ್ನು ಮಾತ್ರ ಮೇಕೆಯ ಹಾಗೆ ಅರಚುತ್ತದೆ ಅನ್ನುವುದು ಅವರ ದೂರು. ಅದಕ್ಕೆ ಪರಿಹಾರವಾಗಿ ಹಾರ್ನನ್ನು ಇದ್ದ ಜಾಗದಿಂದ ಬಿಚ್ಚಿ ಬೇರೆ ಕಡೆ ಕೂರಿಸುತ್ತಾರೆ, ಅಥವಾ ಅದನ್ನು ಎಸೆದು ಜೋಡಿ ಹಾರ್ನ್ ಹಾಕಿಸುತ್ತಾರೆ. ಮೊದಲನೆಯದು ಅರ್ಧ ಗಂಟೆಯ ಕೆಲಸ. ಸರಿಯಾಗಿ ಮಾಡಿದರೆ ಅದರಿಂದ ಪ್ರಯೋಜನವುಂಟು. ಎರಡನೆಯದು ಬಹುತೇಕ ದುಡ್ಡು ದಂಡ. ಏಕೆಂದು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಕ್ರೂಸರ್ ಎಂದರೆ ತಗ್ಗಿನ ಸೀಟು, ಮುಂದಕ್ಕೆ ಚಾಚಿದ ಕಾಲು, ಮೇಲೆದ್ದ ಹ್ಯಾಂಡಲ್ಲು, ದೂರದ ದಾರಿಗೆ ಹೇಳಿ ಮಾಡಿಸಿದ ಆಕಾರ. ನಮ್ಮಲ್ಲಿ 2001ರಲ್ಲಿ ಬಜಾಜ್ ಎಲಿಮಿನೇಟರ್ ಬಂತು, ಮರುವರ್ಷ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್, 2005ರಲ್ಲಿ ಅವೆಂಜರ್, 2020ರಲ್ಲಿ ಮಿಟಿಯಾರ್. ಅದಕ್ಕೂ ಹಿಂದೆ ಇದೇ ರಸ್ತೆಯಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳು ಓಡಾಡುತ್ತಿದ್ದವು. 1961ರಲ್ಲಿ ಆರಂಭವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅವು ಕ್ರೂಸರ್‌ಗಳಲ್ಲ; ಆದರೆ ಆರು ವೋಲ್ಟ್ ಬ್ಯಾಟರಿ ಸೊರಗಿದಾಗ ಹಳೇ ಗಾಡಿಗಳ ಹಾರ್ನ್ ಹೇಗೆ ಕೆಮ್ಮುತ್ತಿತ್ತು ಎಂಬುದು ಆ ಕಾಲದವರಿಗೆ ಇನ್ನೂ ನೆನಪಿದೆ. ಹಾರ್ನಿನ ತೊಂದರೆ ಮುಕ್ಕಾಲುಪಾಲು ಹಾರ್ನಿನದ್ದಲ್ಲ ಎಂಬ ಪಾಠವೂ ಅದರಲ್ಲೇ ಇತ್ತು.

ಜಾಗ ಬದಲಿಸುವ ಚಾಳಿ ಅಮೆರಿಕದ್ದು. ಹಾರ್ಲೆ ಡೇವಿಡ್‌ಸನ್ನಿನ ದೊಡ್ಡ ಗಾಡಿಗಳಲ್ಲಿ ಎಂಜಿನ್ನಿನ ಎಡಕ್ಕೆ, ಎರಡು ಸಿಲಿಂಡರುಗಳ ನಡುವೆ, ದನದ ಕೊರಳ ಗಂಟೆಯ ಆಕಾರದ ಕ್ರೋಮ್ ಮುಚ್ಚಳದ ಹಿಂದೆ ಹಾರ್ನ್ ಇರುತ್ತದೆ. ಎಂಜಿನ್ನಿನ ಅಂದವನ್ನು ಇದೇ ಮರೆ ಮಾಡುತ್ತದೆಂದು ಅಲ್ಲಿನವರು ಅದನ್ನು ತೆಗೆದು ಮುಂದಿನ ಚಾಸಿಸ್ ಪೈಪುಗಳ ನಡುವೆ ಬಚ್ಚಿಡುತ್ತಾರೆ. ಅವರಿಗೆ ಅದು ಕಣ್ಣಿನ ವಿಷಯ. ಹಾರ್ನ್ ಒತ್ತುವ ಪ್ರಸಂಗವೇ ಅಲ್ಲಿ ಅಪರೂಪ. ನಮ್ಮಲ್ಲಿ ಕಾರಣ ಬೇರೆ. ಗಾಡಿ ಷೋರೂಮಿನಿಂದ ಹೊರಬಂದ ವಾರದೊಳಗೆ ಲೆಗ್ ಗಾರ್ಡ್ ಹಾಕಿಸುತ್ತೇವೆ, ಅದಕ್ಕೆ ಎರಡು ಫಾಗ್ ಲ್ಯಾಂಪ್ ಕಟ್ಟುತ್ತೇವೆ, ಎಂಜಿನ್ನಿಗೆ ಕಲ್ಲು ಬಡಿಯದಿರಲೆಂದು ಇನ್ನೊಂದು ತಗಡು ಬಿಗಿಯುತ್ತೇವೆ. ಇವೆಲ್ಲದರ ಹಿಂದೆ ಸಿಕ್ಕಿಕೊಂಡ ಹಾರ್ನ್ ಕೇಳಿಸುತ್ತಿಲ್ಲವೆಂದು ಆಮೇಲೆ ಬೈಯುತ್ತೇವೆ.

ಒಳಗಿನ ಯಂತ್ರ ನೂರು ವರ್ಷದಿಂದ ಹೆಚ್ಚು ಬದಲಾಗಿಲ್ಲ. 1908ರಲ್ಲಿ ಅಮೆರಿಕದ ಮಿಲ್ಲರ್ ರೀಸ್ ಹಚಿನ್‌ಸನ್ ರೂಪಿಸಿದ ಕ್ಲಾಕ್ಸನ್ ಮಾರುಕಟ್ಟೆಗೆ ಬಂತು. ಇದೇ ಮನುಷ್ಯ ಅದಕ್ಕೂ ಮೊದಲು ಕಿವುಡರಿಗೆ ಶ್ರವಣಯಂತ್ರ ಮಾಡಿದ್ದ ಎಂಬುದು ಇತಿಹಾಸದ ಒಂದು ಕುಚೋದ್ಯ. 1921ರಲ್ಲಿ ಜರ್ಮನಿಯ ಬಾಷ್ ಕಂಪನಿ ತನ್ನ ವಿದ್ಯುತ್ ಹಾರ್ನ್ ತಂದಿತು. ಅದೇ ಬಾಷ್‌ನ ಕಾರ್ಖಾನೆ ಈಗ ಬಿಡದಿಯಲ್ಲಿದೆ. ಗುಂಡಿ ಒತ್ತಿದಾಗ ಹಾರ್ನಿನೊಳಗಿನ ಸುರುಳಿ ಅಯಸ್ಕಾಂತವಾಗಿ ತೆಳುವಾದ ಉಕ್ಕಿನ ಪರದೆಯನ್ನು ಎಳೆಯುತ್ತದೆ. ಎಳೆದ ಕೂಡಲೇ ಕಾಂಟ್ಯಾಕ್ಟ್ ಬಿಟ್ಟುಹೋಗಿ ಕರೆಂಟು ನಿಲ್ಲುತ್ತದೆ. ಪರದೆ ಹಿಂದಕ್ಕೆ ಚಿಮ್ಮಿ ಮತ್ತೆ ಕಾಂಟ್ಯಾಕ್ಟ್ ಕೂಡುತ್ತದೆ. ಸೆಕೆಂಡಿಗೆ ಹೆಚ್ಚುಕಡಿಮೆ ನಾನೂರು ಸಲ ನಡೆಯುವ ಈ ಎಳೆದಾಟವೇ ನಮಗೆ ಕೇಳಿಸುವ ಶಬ್ದ. ಚಪ್ಪಟೆ ಹಾರ್ನಿನ ಮುಂದೆ ಕಾಣುವ ತಟ್ಟೆ ಅಲಂಕಾರಕ್ಕಲ್ಲ. ಅದೂ ಕಂಪಿಸಿ ಸುಮಾರು ಎರಡು ಮೂರು ಸಾವಿರ ಹರ್ಟ್ಸ್‌ನ ಚೂಪು ದನಿ ಹೊರಡಿಸುತ್ತದೆ. ಮನುಷ್ಯನ ಕಿವಿ ಅತಿ ಚುರುಕಾಗಿರುವುದೂ ಆ ಆಸುಪಾಸಿನ ಸ್ವರಗಳಿಗೇ.

ಜಾಗದ ಮಹಿಮೆ ತಿಳಿಯುವುದು ಈ ಚೂಪು ದನಿಯಿಂದ. ನಾನೂರು ಹರ್ಟ್ಸ್‌ನ ದಪ್ಪ ದನಿಯ ಅಲೆಯ ಉದ್ದ ಎಂಬತ್ತು ಸೆಂಟಿಮೀಟರಿಗೂ ಹೆಚ್ಚು. ಎದುರಿಗೆ ಮಡ್‌ಗಾರ್ಡ್ ಇದ್ದರೂ ಲೆಗ್ ಗಾರ್ಡ್ ಇದ್ದರೂ ಅದು ಬಳಸಿಕೊಂಡು ಮುಂದೆ ಹೋಗುತ್ತದೆ. ಮೂರು ಸಾವಿರ ಹರ್ಟ್ಸ್‌ನ ಅಲೆ ಬರೀ ಹನ್ನೊಂದು ಸೆಂಟಿಮೀಟರು, ಒಂದು ಅಂಗೈಯಗಲ. ಅದರೆದುರು ಅಂಗೈಗಿಂತ ದೊಡ್ಡ ತಗಡು ಬಂದರೆ ಮುಗಿಯಿತು, ಅದರ ಹಿಂದೆ ನೆರಳು ಬಿದ್ದ ಹಾಗೆ ಶಬ್ದ ಇಳಿಯುತ್ತದೆ. ಎದುರಿನವನ ಕಿವಿಗೆ ತಲುಪುವುದು ಎಚ್ಚರಿಸುವ ಭಾಗ ಕಳೆದುಕೊಂಡ ಬರೀ ಗುಂಯ್‌ಗುಡುವಿಕೆ. ಆದ್ದರಿಂದ ಹಾರ್ನಿನ ಮುಖದಿಂದ ರಸ್ತೆಗೆ ನೇರ ನೋಟ ಇರಬೇಕು. ಗಾಡಿಯ ಎದುರು ಕುಕ್ಕರುಗಾಲಲ್ಲಿ ಕೂತು ನೋಡಿ. ಹಾರ್ನಿನ ತಟ್ಟೆ ಪೂರ್ತಿ ನಿಮಗೆ ಕಂಡರೆ ಅದು ಎದುರಿನವರಿಗೆ ಪೂರ್ತಿ ಕೇಳಿಸುತ್ತದೆ. ಇದಕ್ಕೆ ಮೀಟರ್ ಬೇಕಿಲ್ಲ.

ಜೋಡಿ ಹಾರ್ನಿನ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡೋಣ. ಒಂದರ ಪಕ್ಕ ಅಂಥದ್ದೇ ಇನ್ನೊಂದು ಹಾರ್ನ್ ಇಟ್ಟರೆ ಶಬ್ದ ಏರುವುದು ಸುಮಾರು 3 ಡೆಸಿಬಲ್ ಮಾತ್ರ. ಕಿವಿಗೆ ದುಪ್ಪಟ್ಟು ಜೋರು ಅನ್ನಿಸಬೇಕಾದರೆ 10 ಡೆಸಿಬಲ್ ಏರಬೇಕು. ಅದೇ ಎದುರಿನವನಿಗೂ ನಿಮಗೂ ಇರುವ ದೂರ ಅರ್ಧವಾದರೆ 6 ಡೆಸಿಬಲ್ ತಾನಾಗಿ ಏರುತ್ತದೆ. ಕರೆಂಟಿನ ಖರ್ಚಂತೂ ದುಪ್ಪಟ್ಟಿಗೂ ಮೀರುತ್ತದೆ: ಕಂಪನಿಯ ಹಾರ್ನ್ ಎರಡು ಮೂರು ಆಂಪಿಯರಿನಲ್ಲಿ ಮುಗಿದರೆ, ಶಂಖದಂತೆ ಸುತ್ತಿದ ಜೋಡಿ ವಿಂಡ್‌ಟೋನ್ ಎಂಟು ಹತ್ತು ಆಂಪಿಯರ್ ಕೇಳುತ್ತದೆ. ಹ್ಯಾಂಡಲಿನ ಪುಟ್ಟ ಸ್ವಿಚ್ಚು, ಒಳಗಿನ ತೆಳು ವೈರು ಅದಕ್ಕೆ ಹುಟ್ಟಿದವಲ್ಲ. ರಿಲೇ ಹಾಕದೆ ಕೊಟ್ಟರೆ ಸ್ವಿಚ್ಚಿನ ಕಾಂಟ್ಯಾಕ್ಟ್ ಕಪ್ಪಾಗಿ ಸುಡುತ್ತದೆ. ಕೆಲವು ತಿಂಗಳ ಮೇಲೆ ಜೋಡಿ ಹಾರ್ನೂ ಇಲ್ಲ, ಒಂಟಿ ಹಾರ್ನೂ ಇಲ್ಲ ಎಂಬ ಸ್ಥಿತಿ ಬರುತ್ತದೆ.

ಹಾಗಾದರೆ ಇರುವ ಒಂದೇ ಹಾರ್ನನ್ನು ಎಲ್ಲಿ ಕೂರಿಸಬೇಕು?

ಹೆಚ್ಚಿನವರ ಕಣ್ಣು ಬೀಳುವುದು ಲೆಗ್ ಗಾರ್ಡಿನ ಮೇಲೆ. ಅದು ಮುಂದಿದೆ, ಪೈಪಿದೆ, ಒಂದು ಕ್ಲ್ಯಾಂಪ್ ಸಾಕು. ನನಗೆ ಈ ಜಾಗ ಇಷ್ಟವಿಲ್ಲ. ಗಾಡಿ ಬಿದ್ದರೆ ಮೊದಲು ನೆಲ ಕಾಣುವುದು ಲೆಗ್ ಗಾರ್ಡು. ನಿಂತ ಗಾಡಿ ಪಕ್ಕಕ್ಕೆ ವಾಲಿದರೂ ಹಾರ್ನ್ ನಜ್ಜುಗುಜ್ಜು. ಮಳೆಗಾಲದಲ್ಲಿ ಮುಂದಿನ ಚಕ್ರ ಎರಚುವ ಕೆಸರೆಲ್ಲ ಅದಕ್ಕೇ. ಫೋರ್ಕಿನ ಕೆಳ ಕ್ಲ್ಯಾಂಪಿಗೆ ಕಟ್ಟುವವರೂ ಇದ್ದಾರೆ. ಅಲ್ಲಿ ನೋಟ ಚೆನ್ನ, ಆದರೆ ಹಾರ್ನ್ ಹ್ಯಾಂಡಲಿನ ಜತೆ ತಿರುಗುತ್ತಿರುವುದರಿಂದ ವೈರು ದಿನವೂ ಬಾಗಿ ಬಾಗಿ ಒಂದು ದಿನ ಪ್ಲಾಸ್ಟಿಕ್ ಒಳಗೇ ತುಂಡಾಗುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಟ್ಯಾಂಕಿನ ಕೆಳಗೆ ಎಂಜಿನ್ನಿನ ಪಕ್ಕ ತೂರಿಸಿದರೆ ಬಿಸಿಗೆ ವೈರಿನ ಮೇಲ್ಪದರ ಒಡೆಯುತ್ತದೆ.

ಉಳಿಯುವುದು ಹ್ಯಾಂಡಲ್ಲಿನ ಕೆಳಗಿನಿಂದ ಎಂಜಿನ್ನಿನ ಮುಂದೆ ಇಳಿಯುವ ಚಾಸಿಸ್ ಪೈಪು. ಅದರ ಮೇಲ್ಭಾಗದಲ್ಲಿ, ಹೆಡ್‌ಲೈಟಿನ ಕೆಳಗೆ ಒಂದಷ್ಟು ಖಾಲಿ ಜಾಗ ಸಾಮಾನ್ಯವಾಗಿ ಇರುತ್ತದೆ. ಎಷ್ಟೋ ಗಾಡಿಗಳಲ್ಲಿ ಕಂಪನಿಯವರೂ ಹಾರ್ನನ್ನು ಇದರ ಆಸುಪಾಸಿನಲ್ಲೇ ಕೂರಿಸಿರುತ್ತಾರೆ. ನಾವು ಮಾಡಬೇಕಿರುವುದು ಎರಡು ಮೂರು ಅಂಗುಲ ಮುಂದಕ್ಕೋ ಪಕ್ಕಕ್ಕೋ ತರುವುದಷ್ಟೇ. ಎಂಜಿನ್ನಿನ ರೆಕ್ಕೆಗಳಿಗೆ, ಆಯಿಲ್ ಕೂಲರ್ ಇದ್ದರೆ ಅದಕ್ಕೆ, ಗಾಳಿ ತಡೆಯದಂತೆ ನೋಡಿಕೊಳ್ಳಬೇಕು. ಗಾಳಿಯಿಂದಲೇ ತಣ್ಣಗಾಗುವ ಎಂಜಿನ್ನಿನ ಎದೆಗೆ ಎರಡು ಶಂಖ ಕಟ್ಟಿಕೊಂಡು ಬೇಸಿಗೆಯಲ್ಲಿ ಮೇಕೆದಾಟಿಗೆ ಹೊರಡುವವರನ್ನು ಕಂಡರೆ ಎಂಜಿನ್ನಿನ ಮೇಲೆ ಕನಿಕರ ಬರುತ್ತದೆ.

ಬಿಗಿಯುವ ವಿಧಾನದಲ್ಲಿ ಒಂದು ಗುಟ್ಟಿದೆ, ಅವಸರದ ಕೈ ತಪ್ಪುವುದು ಅಲ್ಲೇ. ಕಂಪನಿಯ ಹಾರ್ನಿನ ಬೆನ್ನಿಗೆ ಎರಡು ಮೂರು ತೆಳು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಬ್ರಾಕೆಟ್ ಇರುತ್ತದೆ. ಗಟ್ಟಿಯಿಲ್ಲ, ಅಲ್ಲಾಡುತ್ತದೆ ಎಂದು ಅದನ್ನು ಕಿತ್ತು ದಪ್ಪ ಪಟ್ಟಿಯೊಂದನ್ನು ವೆಲ್ಡ್ ಮಾಡಿಸುವವರಿದ್ದಾರೆ. ಆ ಅಲ್ಲಾಟ ಬೇಕೆಂದೇ ಇಟ್ಟದ್ದು. ಪರದೆ ಮುಂದಕ್ಕೆ ಹೋದಾಗ ಹಾರ್ನಿನ ಮೈ ಹಿಂದಕ್ಕೆ ಹೋಗುತ್ತದೆ. ಆ ಓಡಾಟಕ್ಕೆ ಅವಕಾಶವಿಲ್ಲದಂತೆ ಚಾಸಿಸ್ಸಿಗೆ ಬಿಗಿದರೆ ದನಿ ಒಡೆದು ಗೊರಗೊರ ಎನ್ನುತ್ತದೆ. ಹೊಸ ಜಾಗಕ್ಕೆ ಬೇರೆ ಪಟ್ಟಿ ಬೇಕಾದರೆ ಹಾಕಿಸಿ, ಆದರೆ ಅದರ ತುದಿಗೆ ಕಂಪನಿಯ ಬ್ರಾಕೆಟ್ಟೇ ಬರಲಿ. ಹಾರ್ನಿನ ಮೈ ಬೇರೆ ಯಾವುದಕ್ಕೂ ತಾಗಬಾರದು, ವೈರಿನ ಕಟ್ಟಿಗೂ. ಶಂಖದ ಹಾರ್ನಾದರೆ ಬಾಯಿ ಸ್ವಲ್ಪ ಕೆಳಮುಖವಾಗಿರಬೇಕು. ಇಲ್ಲದಿದ್ದರೆ ಮೊದಲ ಮಳೆಯ ನೀರು ಒಳಗೇ ನಿಲ್ಲುತ್ತದೆ. ವಾಟರ್ ಸರ್ವಿಸ್ ಮಾಡುವ ಹುಡುಗನಿಗೂ ಆ ಕಡೆ ಪೈಪ್ ಹಿಡಿಯಬೇಡ ಅನ್ನಬೇಕು.

ವೈರಿಂಗಿನಲ್ಲಿ ಮೊದಲ ಮಾತು: ಕತ್ತರಿಸಬೇಡಿ. ವಾರಂಟಿ ಇರುವ ಗಾಡಿಯ ವೈರು ಕತ್ತರಿಸಿದರೆ ವಿದ್ಯುತ್ ಸಂಬಂಧದ ದೂರುಗಳನ್ನೆಲ್ಲ ತಳ್ಳಿಹಾಕಲು ಕಂಪನಿಗೆ ನೆಪ ಸಿಗುತ್ತದೆ. ಹಳೇ ಕಪ್ಲರಿಗೆ ಕೂರುವಂಥ ಎರಡು ಪಿನ್ನು ಹಾಕಿ ಒಂದಡಿ ವೈರನ್ನು ಸೇರಿಸಿಕೊಂಡರೆ ಸಾಕು. ಬೇಡವಾದಾಗ ಎಳೆದು ತೆಗೆಯಬಹುದು. ಕೆಲವು ಗಾಡಿಗಳಲ್ಲಿ ಕೀಲಿ ಹಾಕಿದ ಕೂಡಲೇ ಹಾರ್ನಿನ ಒಂದು ವೈರಿಗೆ ಕರೆಂಟ್ ಬಂದು ಕಾದಿರುತ್ತದೆ, ಗುಂಡಿ ಒತ್ತಿದಾಗ ಅರ್ತ್ ಸಿಗುತ್ತದೆ. ಕೆಲವದರಲ್ಲಿ ಅರ್ತ್ ಯಾವಾಗಲೂ ಇದ್ದು ಗುಂಡಿಯಿಂದ ಕರೆಂಟ್ ಬರುತ್ತದೆ. ಯಾವುದೆಂದು ಟೆಸ್ಟ್ ಲ್ಯಾಂಪ್ ಹಿಡಿದು ನೋಡದೆ ಅರ್ತ್ ವೈರನ್ನು ಚಾಸಿಸ್ಸಿಗೆ ಕಟ್ಟಿಬಿಟ್ಟರೆ, ಕೀಲಿ ತಿರುಗಿಸಿದ ಕ್ಷಣದಿಂದ ಹಾರ್ನ್ ಊರಿಗೆಲ್ಲ ಸುದ್ದಿ ಸಾರುತ್ತದೆ.

ಇನ್ನು ಆ ಮೇಕೆ ದನಿ ಯಾಕೆ? ಗುಂಡಿ ಒತ್ತಿ ಹಿಡಿದು ಹಾರ್ನಿನ ಎರಡೂ ಟರ್ಮಿನಲ್‌ಗೆ ಮಲ್ಟಿಮೀಟರ್ ಇಡಿ. ಬ್ಯಾಟರಿ ಚೆನ್ನಾಗಿದ್ದೂ 11 ವೋಲ್ಟಿಗಿಂತ ಕಡಿಮೆ ಬಂದರೆ ತಪ್ಪು ಹಾರ್ನಿನದ್ದಲ್ಲ, ದಾರಿಯದು. ತುಕ್ಕು ಹಿಡಿದ ಟರ್ಮಿನಲ್, ಬಣ್ಣದ ಮೇಲೆ ಬಿಗಿದ ಅರ್ತ್ ಬೋಲ್ಟು, ಸವೆದ ಸ್ವಿಚ್ಚು, ಇವುಗಳಲ್ಲೊಂದು ಕರೆಂಟ್ ತಿನ್ನುತ್ತಿರುತ್ತದೆ. ಒಂದು ಚೂರು ಎಮರಿ ಪೇಪರಿನಿಂದ ಟರ್ಮಿನಲ್ ಉಜ್ಜಿದರೆ ಹಳೇ ಹಾರ್ನಿಗೆ ಹೊಸ ಗಂಟಲು ಬರುವುದುಂಟು. ಕೆಲವು ಹಾರ್ನುಗಳ ಬೆನ್ನಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ಕಾಲು ಸುತ್ತು ಅತ್ತಿತ್ತ ತಿರುಗಿಸಿದರೆ ದನಿ ತಿಳಿಯಾಗುತ್ತದೆ. ಅನುಭವವಿರುವ ಮೆಕ್ಯಾನಿಕ್ಕುಗಳು ಮೊದಲು ಮುಟ್ಟುವುದು ಇದನ್ನೇ. ಅಷ್ಟಕ್ಕೇ ರಿಪೇರಿ ಮುಗಿದರೆ ಕೂಲಿ ಕೇಳಲು ಅವರಿಗೂ ಸಂಕೋಚ, ಕೊಡಲು ನಮಗೂ ಜಿಪುಣತನ. ಹಾಗಾಗಿ ಹೊಸ ಹಾರ್ನುಗಳು ಮಾರಾಟವಾಗುತ್ತಲೇ ಇರುತ್ತವೆ.

ಕೊನೆಯ ಪರೀಕ್ಷೆಯನ್ನು ಬಿಡಬಾರದು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಕೆಳಕ್ಕೆ ಒತ್ತಿ. ಫೋರ್ಕ್ ಪೂರ್ತಿ ಕುಗ್ಗಿದಾಗಲೂ ಮಡ್‌ಗಾರ್ಡು ಹಾರ್ನಿಗೆ ತಾಗಬಾರದು, ವೈರು ಬಿಗಿಯಬಾರದು. ಸಮತಟ್ಟು ನೆಲದಲ್ಲಿ ಎಲ್ಲವೂ ಸರಿಯಿರುತ್ತದೆ. ಹಂಪಿನ ಮೇಲೆ ಕುಕ್ಕಿದಾಗ ಗೊತ್ತಾಗುತ್ತದೆ.

ಕಾನೂನು ಏನನ್ನುತ್ತದೆ? ಹಾರ್ನ್ ಎಲ್ಲಿರಬೇಕೆಂದು ಆರ್‌ಸಿ ಪುಸ್ತಕದಲ್ಲಿ ಬರೆದಿರುವುದಿಲ್ಲ. ಅದೇ ಹಾರ್ನನ್ನು ನಾಲ್ಕಂಗುಲ ಸರಿಸಿದರೆ ಯಾರೂ ಕೇಳುವುದಿಲ್ಲ. ಹಾರ್ನನ್ನೇ ಬದಲಿಸುವಾಗ ಮಾತ್ರ ಎಚ್ಚರ ಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಬಗೆಬಗೆಯ ರಾಗ ಹಾಡುವ ಹಾರ್ನನ್ನೂ ಕರ್ಕಶವಾಗಿ ಬೆಚ್ಚಿಬೀಳಿಸುವ ಹಾರ್ನನ್ನೂ ನಿಷೇಧಿಸಿದೆ. 2019ರ ತಿದ್ದುಪಡಿಯಲ್ಲಿ ಬಂದ 194ಎಫ್ ಕಲಮಿನ ಪ್ರಕಾರ ಅನಗತ್ಯವಾಗಿ, ಎಡೆಬಿಡದೆ ಹಾರ್ನ್ ಮಾಡಿದರೆ ಮೊದಲ ಸಲ 1,000 ರೂಪಾಯಿ, ಮತ್ತೆ ಮಾಡಿದರೆ 2,000 ರೂಪಾಯಿ ದಂಡ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಜನವಸತಿ ಪ್ರದೇಶದಲ್ಲಿ ತುರ್ತು ಸಂದರ್ಭ ಬಿಟ್ಟರೆ ಹಾರ್ನ್ ಮಾಡುವಂತಿಲ್ಲ. ದಂಡಕ್ಕಿಂತ ಪರಿಣಾಮಕಾರಿ ದಾರಿಯನ್ನು 2025ರ ಆರಂಭದಲ್ಲಿ ಶಿವಮೊಗ್ಗದ ಸಂಚಾರ ಪೊಲೀಸರು ಕಂಡುಕೊಂಡಿದ್ದರು: ಕರ್ಕಶ ಹಾರ್ನ್ ಹಾಕಿಸಿದ್ದ ಚಾಲಕರನ್ನು ಕೆಳಗಿಳಿಸಿ, ಅವರದೇ ವಾಹನದ ಮುಂದೆ ಕೂರಿಸಿ, ಅವರದೇ ಹಾರ್ನ್ ಕೇಳಿಸಿದರು.

ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಹಾರ್ನುಗಳಿಗೆ ಕೊಳಲು, ತಬಲಾ, ಪಿಟೀಲಿನ ದನಿ ಕೊಡುವ ಮಾತನ್ನು ಒಂದಕ್ಕಿಂತ ಹೆಚ್ಚು ಸಲ ಆಡಿದ್ದಾರೆ. ಹಳೇ ಹೆದ್ದಾರಿಯಲ್ಲಿ ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ನಮ್ಮ ಜನಪದ ವಾದ್ಯಗಳನ್ನು ಕೂಡಿಟ್ಟಿದ್ದಾರೆ. ಸಚಿವರು ಒಮ್ಮೆ ಅಲ್ಲಿ ಇಳಿದು ಕೊಂಬು, ಕಹಳೆಗಳನ್ನು ಕೇಳಬೇಕು. ದೂರಕ್ಕೆ ಕೇಳಿಸುವ ದನಿ ಬೇರೆ, ಹತ್ತಿರ ಕೂತು ಸವಿಯುವ ದನಿ ಬೇರೆ ಎಂಬುದು ನಮ್ಮ ಹಳ್ಳಿಗರಿಗೆ ಗೊತ್ತಿತ್ತು. ಚನ್ನಪಟ್ಟಣದ ಚೌಕದಲ್ಲಿ ಮೂವತ್ತು ಗಾಡಿ ಒಟ್ಟಿಗೆ ಕೊಳಲೂದಿದರೆ ಅದನ್ನು ಸಂಗೀತ ಎನ್ನಲಾಗದು.

ಹಾರ್ನ್ ಸರಿಯಾದ ಜಾಗದಲ್ಲಿದೆಯೇ ಎಂದು ನೋಡಬೇಕಾದರೆ ಮಾಗಡಿ ಕಡೆ ಹೋಗಬೇಕು. 1,226 ಮೀಟರ್ ಎತ್ತರದ ಸಾವನದುರ್ಗ, ಅದರ ಬುಡದ ಕಾಡು, ಮಂಚನಬೆಲೆ ಜಲಾಶಯದ ಆಸುಪಾಸಿನ ಕಿರಿದಾದ ತಿರುವುಗಳು. ಬಂಡೆಯೋ ಬಿದಿರ ಮೆಳೆಯೋ ಮರೆ ಮಾಡಿದ ತಿರುವಿನಲ್ಲಿ ಎದುರಿನಿಂದ ಕಲ್ಲು ತುಂಬಿದ ಟಿಪ್ಪರ್ ಬರುತ್ತಿದ್ದರೆ ನಿಮ್ಮ ಕಣ್ಣು ಕೆಲಸಕ್ಕೆ ಬಾರದು. ತಿರುವಿಗೆ ಮುಂಚೆಯೇ ಒಂದು ಚುಟುಕು ಹಾರ್ನ್, ಎಡಕ್ಕೆ ಅಂಟಿಕೊಂಡ ಗಾಡಿ, ಇಳಿದ ವೇಗ. ಹಾರ್ನ್ ಹುಟ್ಟಿದ್ದೇ ಈ ಕ್ಷಣಕ್ಕಾಗಿ. ಹಾಗೆಂದು ಟಿಪ್ಪರಿನ ಡ್ರೈವರ್ ಕೇಳಿಸಿಕೊಂಡ ಎಂದು ನಂಬಿ ಹೋಗುವುದು ತಪ್ಪು. ಎಂಜಿನ್ ಸದ್ದಿನ ನಡುವೆ, ಗಾಜು ಏರಿಸಿ ಹಾಡು ಹಾಕಿಕೊಂಡವನಿಗೆ ಯಾವ ಹಾರ್ನೂ ಕೇಳದು. ಬ್ರೇಕಿನ ಮೇಲೆ ಎರಡು ಬೆರಳು ಇರಲೇಬೇಕು.

ಕನಕಪುರದ ಕಡೆಯ ಕತೆ ಇದಕ್ಕೆ ತದ್ವಿರುದ್ಧ. ಅಲ್ಲಿಂದ ಸಂಗಮ, ಮೇಕೆದಾಟಿಗೆ ಹೋಗುವ ದಾರಿ ಕಾವೇರಿ ವನ್ಯಜೀವಿಧಾಮದ ಸೆರಗಿನಲ್ಲಿದೆ. ಸಾತನೂರು, ಕಬ್ಬಾಳು, ಚನ್ನಪಟ್ಟಣದ ಕಡೆಗೂ ಆನೆಗಳು ಬರುತ್ತವೆ. ರಾಗಿ ಹೊಲ, ಬಾಳೆ ತೋಟ ಕಳೆದುಕೊಂಡವರು ಆ ಭಾಗದಲ್ಲಿ ಊರೂರಿಗೂ ಸಿಗುತ್ತಾರೆ. ರಸ್ತೆಯಲ್ಲಿ ಆನೆ ನಿಂತಿದ್ದರೆ ಹಾರ್ನ್ ಮುಟ್ಟಲೇಬಾರದು. ದೂರದಲ್ಲೇ ನಿಲ್ಲಿಸಬೇಕು, ಎಕ್ಸಿಲರೇಟರ್ ತಿರುವಿ ಗುರುಗುಟ್ಟಿಸಬಾರದು, ಅದು ದಾಟುವ ತನಕ ಕಾಯಬೇಕು. ಹಾರ್ನಿಗೆ ಕಾರು ಪಕ್ಕಕ್ಕೆ ಸರಿದೀತು, ಹೆದರಿದ ಆನೆ ನಿಮ್ಮತ್ತಲೇ ಬಂದೀತು. ಅಲ್ಲಿ ಯು-ಟರ್ನ್ ಮಾಡಲು ಕ್ರೂಸರಿನಷ್ಟು ಉದ್ದದ ಗಾಡಿ ಒಗ್ಗುವುದಿಲ್ಲ.

ರಾಮನಗರದ ರಾಮದೇವರ ಬೆಟ್ಟದಲ್ಲೂ ಅದೇ ಮಾತು. 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ ಇಲ್ಲಿನ ಬಂಡೆಗಳ ನಡುವೆ ಚಿತ್ರೀಕರಣವಾಯಿತೆಂದು, ಅದರ ಸೈಡ್‌ಕಾರ್ ಬೈಕಿನ ನೆನಪಿನಲ್ಲಿ, ಫೋಟೊಗಾಗಿ ಬರುವ ಬೈಕುಗಳು ಬಹಳ. ಬೆಟ್ಟದ ಖಾಯಂ ನಿವಾಸಿಗಳು ಬೇರೆಯವರು. ಉದ್ದಕೊಕ್ಕಿನ ರಣಹದ್ದುಗಳು ಇಲ್ಲಿನ ಕಡಿದಾದ ಬಂಡೆಗಳಲ್ಲಿ ಗೂಡು ಕಟ್ಟುತ್ತವೆ. ಅಳಿವಿನಂಚಿನ ಈ ಹಕ್ಕಿಗಳಿಗಾಗಿಯೇ 2012ರಲ್ಲಿ ಸುಮಾರು 346 ಹೆಕ್ಟೇರನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು; ದೇಶದಲ್ಲಿ ರಣಹದ್ದುಗಳಿಗೆಂದೇ ಮೀಸಲಾದ ಮೊದಲ ಧಾಮ ಇದು. ಬಂಡೆಗಳಿಗೆ ಬಡಿದು ಹಾರ್ನಿನ ದನಿ ಮಾರ್ದನಿಸುವುದನ್ನು ಕೇಳಲೆಂದೇ ಒತ್ತಿ ನೋಡುವ ಹುಡುಗರಿಗೆ ಇದನ್ನು ಯಾರಾದರೂ ಹಿರಿಯರು ಹೇಳಬೇಕು.

ನನ್ನ ತೀರ್ಪು ಇಷ್ಟು: ಟರ್ಮಿನಲ್ ಉಜ್ಜಿ, ಅರ್ತ್ ಸರಿಮಾಡಿ, ಹಾರ್ನಿನ ಮುಖಕ್ಕೆ ರಸ್ತೆ ಕಾಣುವಂತೆ ಜಾಗ ಬದಲಿಸಿ. ಇಷ್ಟಾದರೂ ಕೇಳಿಸದಿದ್ದರೆ ಆಗ ಐಎಸ್‌ಐ ಗುರುತಿನ ಒಂದು ಒಳ್ಳೆಯ ಹಾರ್ನನ್ನು ರಿಲೇ, ಫ್ಯೂಸ್ ಸಮೇತ ಹಾಕಿಸಿ. ಜೋಡಿಯಂತೂ ಬೇಡ. ಮುಂದಿನ ಭಾನುವಾರ ಹೊರಡುವ ಮುನ್ನ ಮನೆಯ ಮುಂದೆ ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ಒಂದೊಂದು ಸಲ ಒತ್ತಿ ನೋಡಿ. ಬೆಳಗಿನ ಆರು ಗಂಟೆ ಕಳೆದಿರಲಿ, ಅಕ್ಕಪಕ್ಕದವರು ಮಲಗಿರುತ್ತಾರೆ.